ಒಂದು ಕೊಳವೆ ಸೋರಿದ್ದಕ್ಕೆ ಮೂರು ವರ್ಷ ಯಾಕೆ?

ಮೇಷ್ಟ್ರೇ, ನಮಸ್ಕಾರ. ಕಾರವಾರದಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ‘ಗುಜರಾತಿನ ಕಾಕ್ರಾಪಾರದ ಅಣುಸ್ಥಾವರದಲ್ಲಿ ಒಂದೇ ಒಂದು ಕೊಳವೆ ಸೋರಿತು ಅಂದ್ರು. ಅದನ್ನು ಬದಲಿಸಿ ಸ್ಥಾವರ ಶುರು ಮಾಡೋದು ಬಿಟ್ಟು ಮೂರು ವರ್ಷ ಮುಚ್ಚಿಟ್ಟರು. ಏನೋ ಬಚ್ಚಿಟ್ಟಿದ್ದಾರೆ ಅಲ್ವಾ? ನಮ್ಮ ಕೈಗಾದ ಪಕ್ಕದಲ್ಲಿರುವ ನಮಗೆ ಯಾರು ಹೇಳ್ತಾರೆ?’ ಎಂದು ಕೇಳಿದ್ದೀರಿ. ಕೇಳಲೇಬೇಕಾದ ಪ್ರಶ್ನೆ.

ಮೊದಲು ಆ ಕೊಳವೆ ಎಂಥದ್ದು ನೋಡಿ. ಕಾಕ್ರಾಪಾರದ 1ನೇ ಘಟಕ 220 ಮೆಗಾವ್ಯಾಟಿನದು, ಕೈಗಾದವುಗಳ ಜಾತಿಯದೇ. ಇಂಥ ರಿಯಾಕ್ಟರಿನೊಳಗೆ 306 ಕೊಳವೆಗಳು ಅಡ್ಡಡ್ಡ ಮಲಗಿರುತ್ತವೆ. ಒಂದೊಂದರಲ್ಲೂ ಯುರೇನಿಯಂ ಕಡ್ಡಿಗಳ 12 ಕಟ್ಟು. ಅವುಗಳ ಮೈ ಸವರಿಕೊಂಡು ಭಾರಜಲ (ಮಾಮೂಲಿ ನೀರಿಗಿಂತ ತುಸು ಹೆಚ್ಚು ತೂಕದ ನೀರು) ಹರಿಯುತ್ತದೆ, ಸುಮಾರು 290 ಡಿಗ್ರಿ ಬಿಸಿಯಲ್ಲಿ. ಕುದಿಯದಂತೆ ಭಾರೀ ಒತ್ತಡದಲ್ಲಿ ಹಿಡಿದಿಟ್ಟಿರುತ್ತಾರೆ. ಇಷ್ಟನ್ನೂ ತಡೆಯುವ ಗೋಡೆಯ ದಪ್ಪ ಮೂರು ಮಿಲಿಮೀಟರಿಗಿಂತ ತುಸು ಜಾಸ್ತಿ, ಅಷ್ಟೇ. ಈ ಕೊಳವೆಯ ಸುತ್ತ ಇನ್ನೊಂದು ಕೊಳವೆ. ಎರಡರ ನಡುವಿನ ಸಂದಿಯಲ್ಲಿ ಒಣ ಇಂಗಾಲದ ಡೈಆಕ್ಸೈಡ್ ಹರಿಯುತ್ತಿರುತ್ತದೆ. ಒಳಗಿನ ಕೊಳವೆ ಒಂಚೂರು ಒಸರಿದರೂ ಈ ಗಾಳಿಗೆ ತೇವ ಹತ್ತುತ್ತದೆ. ಸೋರಿಕೆಯ ಮೊದಲ ಸುಳಿವು ಅಲ್ಲಿಂದಲೇ ಬರಬೇಕು.

2016ರ ಮಾರ್ಚ್ 11ರ ಬೆಳಿಗ್ಗೆ ಸೋರಿಕೆ ದೊಡ್ಡದಾಗಿಯೇ ಆಯಿತು. ಫುಕುಶಿಮಾ ದುರಂತವಾಗಿ ಅವತ್ತಿಗೆ ಸರಿಯಾಗಿ 5 ವರ್ಷ. ರಿಯಾಕ್ಟರ್ ತಾನಾಗಿಯೇ ನಿಂತಿತು. ಅಣು ಅವಘಡಗಳ 7 ಹಂತಗಳ ಅಂತರರಾಷ್ಟ್ರೀಯ ಅಳತೆಯಲ್ಲಿ ಇದು 1ನೇ, ಅಂದರೆ ಎಲ್ಲಕ್ಕಿಂತ ಕೆಳಗಿನ ಹಂತದ್ದು. ಆದರೆ 306ರಲ್ಲಿ ಸೋರಿದ್ದು ಯಾವುದು? ಅದನ್ನು ಪತ್ತೆ ಹಚ್ಚಲಿಕ್ಕೇ ದಿನಗಳು ಹಿಡಿದವು. ಮನೆಯಲ್ಲಿ ಗೋಡೆ ಒದ್ದೆಯಾದರೆ ಪೈಪು ಒಡೆದಿರುವುದು ಅಲ್ಲೇ ಅಂತ ಹೇಳಲಾಗದು, ನಿಮಗೂ ಗೊತ್ತು. ಇಲ್ಲಿ ಹತ್ತಿರ ಹೋಗಿ ಕೈಯಿಟ್ಟು ನೋಡುವ ಹಾಗೂ ಇಲ್ಲ. ವಿಕಿರಣ ಅಷ್ಟಿರುತ್ತದೆ. ಎಲ್ಲವನ್ನೂ ದೂರದಿಂದ, ಯಂತ್ರಗಳಿಂದಲೇ ಮಾಡಬೇಕು.

ಸೋರಿದ ಕೊಳವೆ ಸಿಕ್ಕಿತು, ಸೋರಿಕೆ ನಿಂತಿತು. ನಿಮ್ಮ ಲೆಕ್ಕದಲ್ಲಿ ಕೆಲಸ ಮುಗಿಯಿತು. ತನಿಖೆ ಮಾಡುವವರಿಗೆ ಶುರುವಾಗಿದ್ದೇ ಆಮೇಲೆ. ಯಾಕೆಂದರೆ ಈ ಕೊಳವೆಗಳು ಹಳೆಯವಲ್ಲ. ಮೊದಲಿನವನ್ನು ತೆಗೆದು ಹೊಸದಾಗಿ ಹಾಕಿ, 2011ರಲ್ಲಿ ಘಟಕವನ್ನು ಮತ್ತೆ ಶುರು ಮಾಡಿದ್ದರು. ಐದೇ ವರ್ಷದಲ್ಲಿ ಸೀಳುವ ವಸ್ತು ಅಲ್ಲ ಅದು. ಪರೀಕ್ಷೆ ಮಾಡಿದಾಗ ಕೊಳವೆಯ ಹೊರಮೈಯಲ್ಲಿ ಅಲ್ಲಲ್ಲಿ ಸವೆದ ಚುಕ್ಕೆಗಳು ಕಂಡವು. ಬಿಸಿ ಭಾರಜಲ ಮುಟ್ಟುವುದು ಒಳಮೈಯನ್ನು. ಹೊರಮೈಯನ್ನು ಮುಟ್ಟುವುದು ಆ ಒಣ ಗಾಳಿ ಮಾತ್ರ! ಸೋರಿಕೆಯ ಸುಳಿವು ಕೊಡಬೇಕಿದ್ದ ಗಾಳಿಯ ಕಡೆಗೇ ಅನುಮಾನ ತಿರುಗಿತು. ಅದರಲ್ಲಿ ಕಲಬೆರಕೆ ಇತ್ತೇ ಎಂದು ಹುಡುಕಬೇಕಾಯಿತು.

ಮೂರು ವರ್ಷದ ಗುಟ್ಟು ಇಲ್ಲಿದೆ, ಮೇಷ್ಟ್ರೇ. ಗಾಳಿಯೇ ಕೆಟ್ಟಿದ್ದರೆ ಅದು ಒಂದೇ ಕೊಳವೆಯನ್ನು ಆರಿಸಿ ತಿನ್ನುವುದಿಲ್ಲ. ಪಕ್ಕದ 2ನೇ ಘಟಕದಲ್ಲಿ 2015ರ ಜುಲೈನಲ್ಲೇ ಒಂದು ಕೊಳವೆ ಸೋರಿತ್ತು. ಅಲ್ಲೂ ಇಂಥದೇ ಚುಕ್ಕೆಗಳು. ಒಂದನ್ನು ಬದಲಿಸಿ ಮಿಕ್ಕ 305ನ್ನು ನಂಬಿಕೊಂಡು ಶುರು ಮಾಡಿದ್ದರೆ ನಾನು ನಿಮಗಿಂತ ಜೋರಾಗಿ ಕೂಗುತ್ತಿದ್ದೆ. ಎರಡೂ ಘಟಕಗಳ ಕೊಳವೆಗಳನ್ನು ಪೂರ್ತಿ ಬದಲಿಸಿದರು. 1ನೇ ಘಟಕ ಮತ್ತೆ ಶುರುವಾಗಿದ್ದು 2019ರ ಮೇ ತಿಂಗಳಲ್ಲಿ. ಆ ತಡ ನನಗೆ ಸಮಾಧಾನ ಕೊಡುವ ತಡ.

ಬಚ್ಚಿಟ್ಟರಾ ಅಂದಿರಿ. ನಾನು ಹಾಗೆ ಹೇಳುವುದಿಲ್ಲ. ಆದರೆ ವಿಷಯ ಹೊರಗೆ ಬಂದಿದ್ದು ತುಂಡು ತುಂಡಾಗಿ, ಇಂಗ್ಲಿಷ್ ಪ್ರಕಟಣೆಗಳಲ್ಲಿ. ಇದು ಸಾಲದು. ಸ್ಥಾವರದ ಸುತ್ತ ಬದುಕುವವರಿಗೆ ಅವರ ಭಾಷೆಯಲ್ಲಿ, ಚಿತ್ರ ಬಿಡಿಸಿ ಹೇಳಬೇಕು. ಕೊಳವೆ ಎಂಥದ್ದು, ಯಾಕೆ ಸವೆಯಿತು, ನಮ್ಮ ಊರಿನ ಸ್ಥಾವರದಲ್ಲಿ ಆ ಗಾಳಿಯನ್ನು ಯಾರು, ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಮಾಡುತ್ತಾರೆ ಅಂತ. ಈ ಕೊನೇ ಪ್ರಶ್ನೆಯನ್ನು ಕೈಗಾದವರಿಗೆ ನಮ್ಮ ಪತ್ರಿಕೆಯಿಂದಲೇ ಬರೆದು ಕೇಳುತ್ತೇವೆ. ಉತ್ತರ ಬಂದರೆ ಇದೇ ಪುಟದಲ್ಲಿ ಹಾಕುತ್ತೇವೆ.

— ಸಂ.