ಎಕ್ಸ್‌ರೇಗೆ ಮೆತ್ತನೆ ಭಾಗಗಳು ಯಾಕೆ ಕಾಣಲ್ಲ?

ಪ್ರಶ್ನೆ: ನನಗೆ ಮೊಣಕಾಲು ನೋವು. ಎಕ್ಸ್‌ರೇ ತೆಗೆಸಿದೆ. "ಮೂಳೆ ಚೆನ್ನಾಗಿದೆ, ಕಾರ್ಟಿಲೇಜ್ (ಮೂಳೆ ತುದಿಯ ಮೆತ್ತನೆ ಹೊದಿಕೆ) ಇದರಲ್ಲಿ ಕಾಣಲ್ಲ, ಎಂಆರ್‌ಐ ಮಾಡಿಸಿ" ಎಂದರು ಡಾಕ್ಟರು. ಮೃದು ಅಂಗಾಂಶಗಳನ್ನೂ ತೋರಿಸುವ ಹೊಸ ಎಕ್ಸ್‌ರೇ ಬಂದಿದೆ ಎಂದು ಎಲ್ಲೋ ಓದಿದ್ದೆ. ನಿಜವೇ? ಅದಕ್ಕೇ ಕಾಯಬಹುದಾ?

ಉತ್ತರ: ಕಾಯಬೇಡಿ, ಎಂಆರ್‌ಐ ಮಾಡಿಸಿಕೊಳ್ಳಿ. ನೀವು ಓದಿದ್ದು ನಿಜ, ಆದರೆ ಆ ತಂತ್ರ ಮೊಣಕಾಲಿನ ಮಾಮೂಲಿ ತಪಾಸಣೆಗೆ ಇನ್ನೂ ಬಂದಿಲ್ಲ.

ಎಕ್ಸ್‌ರೇ ಅಂದರೆ ನೆರಳಿನ ಚಿತ್ರ. ಮೂಳೆಯಲ್ಲಿ ಕ್ಯಾಲ್ಸಿಯಂ ಇದೆ, ಅದು ಕಿರಣವನ್ನು ಜಾಸ್ತಿ ಹೀರುತ್ತದೆ. ಕಾರ್ಟಿಲೇಜ್, ಸ್ನಾಯು, ಲಿಗಮೆಂಟ್ (ಮೂಳೆಗಳನ್ನು ಕಟ್ಟಿ ಹಿಡಿಯುವ ಪಟ್ಟಿ), ಕೀಲಿನ ದ್ರವ, ಇವೆಲ್ಲ ಹೀರುವುದು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ. ಹಾಗಾಗಿ ಒಂದರಿಂದ ಇನ್ನೊಂದು ಬೇರೆಯಾಗಿ ಕಾಣುವುದಿಲ್ಲ. ನಿಮ್ಮ ಫಿಲ್ಮನ್ನೇ ಬೆಳಕಿಗೆ ಹಿಡಿದು ನೋಡಿ. ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ನಡುವೆ ಒಂದು ಕಪ್ಪು ಸಂದು ಇದೆ ಅಲ್ವಾ? ಅದು ಖಾಲಿ ಜಾಗವಲ್ಲ. ಕಾರ್ಟಿಲೇಜ್ ಇರುವುದೇ ಅಲ್ಲಿ. ಸಂದು ಕಿರಿದಾಗಿದ್ದರೆ ಕಾರ್ಟಿಲೇಜ್ ಸವೆದಿರಬಹುದು ಎಂದು ನಾವು ಊಹಿಸುತ್ತೇವೆ, ಅಷ್ಟೇ.

ಆದರೆ ಕಿರಣ ಮೈಯೊಳಗೆ ಹೋದಾಗ ಹೀರಿಹೋಗುವುದು ಮಾತ್ರವಲ್ಲ, ಬಾಗುತ್ತದೆ ಕೂಡ. ತಿಳಿನೀರಿನ ತೊಟ್ಟಿಗೆ ಬಿಸಿಲು ಬಿದ್ದಾಗ ತಳದಲ್ಲಿ ಬೆಳಕಿನ ಗೆರೆಗಳು ಬಲೆಯ ಹಾಗೆ ಓಲಾಡುತ್ತವೆ. ನೀರು ಬೆಳಕನ್ನು ತಡೆದಿಲ್ಲ, ಸುಮ್ನೆ ಬಾಗಿಸಿದೆ. ಮೇಲಿನ ಅಲೆಗಳ ಆಕಾರ ತಳದಲ್ಲಿ ಚಿತ್ರವಾಗಿ ಮೂಡಿದೆ. ಎಕ್ಸ್‌ರೇಯೂ ಕಾರ್ಟಿಲೇಜಿನ ಅಂಚನ್ನು ದಾಟುವಾಗ ಹೀಗೇ ಬಾಗುತ್ತದೆ. ಎಷ್ಟು ಅಂತೀರಿ? ಒಂದು ಕಿಲೋಮೀಟರ್ ಹೋದ ಮೇಲೆ ಸುಮಾರು ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದಷ್ಟು! ಇಷ್ಟು ಚಿಕ್ಕದಾದರೂ, ಬಾಗುವುದಕ್ಕೆ ಮೂಲವಾದ, ಮೃದು ಅಂಗಾಂಶದಲ್ಲಿ ಕಿರಣದ ಅಲೆ ಹಿಂದುಮುಂದಾಗುವ (ಫೇಸ್ ಬದಲಾಗುವ) ಈ ಪರಿಣಾಮ ಹೀರುವಿಕೆಗಿಂತ ಸಾವಿರ ಪಟ್ಟಿನವರೆಗೂ ಬಲವಾಗಿರಬಹುದು. ಅದನ್ನು ಹಿಡಿಯುವ ವಿದ್ಯೆಗೇ ಫೇಸ್ ಕಾಂಟ್ರಾಸ್ಟ್ ಇಮೇಜಿಂಗ್ ಎನ್ನುವುದು.

ಸರಳ ದಾರಿ ಎಂದರೆ ಡಿಟೆಕ್ಟರನ್ನು, ಅಂದರೆ ಕಿರಣ ಹಿಡಿದು ಚಿತ್ರ ಮೂಡಿಸುವ ಫಲಕವನ್ನು, ದೂರಕ್ಕೆ ಸರಿಸುವುದು. ತೊಟ್ಟಿ ಆಳವಿದ್ದ ಹಾಗೆ. ಬಾಗಿದ ಕಿರಣಗಳು ಬೇರೆಯಾಗಲು ಜಾಗ ಸಿಗುತ್ತದೆ, ಅಂಚುಗಳು ಗೆರೆ ಎಳೆದಂತೆ ಎದ್ದು ಕಾಣುತ್ತವೆ. ಆದರೆ ಕಿರಣ ಸೂಜಿಮೊನೆಯಷ್ಟು ಸಣ್ಣ ಜಾಗದಿಂದ ಹೊರಡಬೇಕು. ಆದ್ದರಿಂದ ಬಹಳ ಕಾಲ ಇದು ಹೆಚ್ಚಾಗಿ ಸಿಂಕ್ರೊಟ್ರಾನ್ ಎಂಬ, ಪ್ರಖರ ಎಕ್ಸ್‌ರೇ ಹೊಮ್ಮಿಸುವ ದೈತ್ಯ ಯಂತ್ರಗಳಿಗೇ ಸೀಮಿತವಾಗಿತ್ತು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಸಿಂಕ್ರೊಟ್ರಾನ್ ಉಂಗುರದ ಸುತ್ತಳತೆ 844 ಮೀಟರ್. 2006ರಲ್ಲಿ ಭೌತವಿಜ್ಞಾನಿ ಫ್ರಾಂಜ್ ಫೈಫರ್ ಮತ್ತು ಸಂಗಡಿಗರು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕದ ಗೆರೆಗಳಿರುವ ಜಾಲರಿಗಳನ್ನು ಅಡ್ಡ ಇಟ್ಟು, ಮಾಮೂಲಿ ಎಕ್ಸ್‌ರೇ ಟ್ಯೂಬಿನಿಂದಲೇ ಇದನ್ನು ಸಾಧಿಸಿ ತೋರಿಸಿದರು. ಆಸ್ಪತ್ರೆಯ ಬಾಗಿಲು ತೆರೆದಿದ್ದು ಅಲ್ಲಿ.

ಅದೇ ಜಾಲರಿಗಳಿಂದ ಇನ್ನೊಂದು ಚಿತ್ರವೂ ಸಿಗುತ್ತದೆ, ಡಾರ್ಕ್‌ಫೀಲ್ಡ್ ಅಂತ. ನನಗೆ ಅತಿ ಹೆಚ್ಚು ಭರವಸೆ ಇರುವುದು ಇದರ ಮೇಲೆ. ಮಂಜಿನಲ್ಲಿ ದೀಪದ ಬೆಳಕು ಚದುರುವಂತೆ, ಶ್ವಾಸಕೋಶದ ಕೋಟ್ಯಂತರ ಗಾಳಿಗೂಡುಗಳಲ್ಲಿ ಎಕ್ಸ್‌ರೇ ಚದುರುತ್ತದೆ. ಗೂಡುಗಳು ಗಟ್ಟಿಮುಟ್ಟಾಗಿದ್ದರೆ ಚಿತ್ರ ಬೆಳ್ಳಗೆ ಬರುತ್ತದೆ. ಗೋಡೆ ಒಡೆದು ಗೂಡು ದೊಡ್ಡದಾಗಿದ್ದರೆ ಆ ಜಾಗ ಮಂಕಾಗುತ್ತದೆ. 2021ರಲ್ಲಿ ಮ್ಯೂನಿಕ್‌ನ ತಂಡ ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ರೋಗಿಗಳಲ್ಲಿ ಇದನ್ನು ಮಾಡಿ ತೋರಿಸಿತು. ಸಿಟಿ ಸ್ಕ್ಯಾನ್‌ಗಿಂತ ಎಷ್ಟೋ ಕಡಿಮೆ ವಿಕಿರಣ ಸಾಕಾಯಿತು.

ಗ್ರೆನೋಬಲ್‌ನಲ್ಲಿ ಇಡೀ ಮೆದುಳು, ಹೃದಯವನ್ನು ಕತ್ತರಿಸದೆಯೇ ಜೀವಕೋಶದ ಮಟ್ಟಕ್ಕೆ ತೋರಿಸಿದ ಚಿತ್ರಗಳನ್ನೂ ನೀವು ನೋಡಿರಬಹುದು. ಅವು ದಾನ ಮಾಡಿದ ದೇಹಗಳ ಅಂಗಗಳು. ಅಷ್ಟು ವಿಕಿರಣವನ್ನು ಬದುಕಿರುವವರಿಗೆ ಕೊಡುವಂತಿಲ್ಲ.

ಇನ್ನು ನಿಮ್ಮ ಕಾಲಿನ ವಿಷಯ. ಎಕ್ಸ್‌ರೇ ತೆಗೆದಾಗ ನಿಂತಿದ್ದಿರಾ, ಮಲಗಿದ್ದಿರಾ? ಮಲಗಿದಾಗ ಮೊಣಕಾಲಿನ ಮೇಲೆ ಭಾರ ಬೀಳುವುದಿಲ್ಲ, ಸವೆದ ಸಂದೂ ಅಗಲವಾಗಿಯೇ ಕಾಣಬಹುದು. ಮಲಗಿ ತೆಗೆಸಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ಎಂಆರ್‌ಐಗೆ ಹೋಗುವಾಗ ಹಳೆಯ ಫಿಲ್ಮನ್ನೂ ಜೊತೆಗೆ ಒಯ್ಯಿರಿ.