ಬುಸ್ಸೆಂದು ಅರ್ಧ ಸುತ್ತಿಗೆ ನಿಲ್ಲುವ ಉಗಿಯಂತ್ರ

ಬದಿಯಡ್ಕದ ಓದುಗರು: ತೂಗಾಡುವ ಸಿಲಿಂಡರಿನ ಸಣ್ಣ ಉಗಿಯಂತ್ರ ಮಾಡಿದ್ದೇನೆ. ಹಿತ್ತಾಳೆ ಸಿಲಿಂಡರ್, ಒಳವ್ಯಾಸ 12 ಮಿ.ಮೀ., ಸ್ಟ್ರೋಕ್ (ಪಿಸ್ಟನ್ನಿನ ಓಟ) 20 ಮಿ.ಮೀ. ಸಿಲಿಂಡರಿನ ತಿರುಗುಗೂಟದಿಂದ ಕ್ರ್ಯಾಂಕ್ ಶಾಫ್ಟಿಗೆ 40 ಮಿ.ಮೀ. ಕೈಯಲ್ಲಿ ಸಲೀಸಾಗಿ ತಿರುಗುತ್ತದೆ. ಗಾಳಿ ಕೊಟ್ಟರೆ ಬುಸ್ಸೆಂದು ಅರ್ಧ ಸುತ್ತು ಹೊರಳಿ ನಿಲ್ಲುತ್ತದೆ. ಒತ್ತಡ ಏರಿಸಿದರೆ ಸಿಲಿಂಡರೇ ಫ್ರೇಮಿನಿಂದ ಎದ್ದು ಬರುತ್ತದೆ, ಅದನ್ನು ಫ್ರೇಮಿಗೆ ಅದುಮುವ ಸ್ಪ್ರಿಂಗ್ ಬಿಗಿದರೆ ಅಲುಗುವುದೇ ಇಲ್ಲ. ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಲೇ?

ಬೇಡ. ಈ ಬಗೆಯ ಯಂತ್ರ ಓಡದಿದ್ದರೆ ಎಲ್ಲರ ಕೈಯೂ ಮೊದಲು ಹೋಗುವುದು ಸ್ಪ್ರಿಂಗಿಗೆ, ತಪ್ಪು ಇರುವುದು ಹೆಚ್ಚಾಗಿ ಮುಖದಲ್ಲಿ, ಅಂದರೆ ಸಿಲಿಂಡರ್ ಫ್ರೇಮಿಗೆ ಒತ್ತಿ ಕೂರುವ ಚಪ್ಪಟೆ ಮೈಯಲ್ಲಿ. ಒಂದು ಲೆಕ್ಕ ನೋಡಿ. ಗಾಳಿ ಹಾಯುವ 2.5 ಮಿ.ಮೀ. ತೂತಿನ ಮೇಲೆ 2 ಬಾರ್ ಒತ್ತಡ ಬಿದ್ದರೆ ಸಿಲಿಂಡರನ್ನು ದೂಡುವ ಬಲ ಬರೇ 100 ಗ್ರಾಂ ತೂಕದಷ್ಟು. ಮುಖ ಸಮತಟ್ಟಾಗಿಲ್ಲದೆ ಗಾಳಿ ಅಡಿಗೆ ನುಸುಳಿ 12 x 36 ಮಿ.ಮೀ. ಜಾಗಕ್ಕೆಲ್ಲ ಹರಡಿತೆಂದರೆ ಅದೇ ಬಲ 8 ಕಿಲೋ ದಾಟಬಹುದು. ಅದನ್ನು ಅದುಮುವ ಸ್ಪ್ರಿಂಗ್ ಹಾಕಿದರೆ ಯಂತ್ರದ ಶಕ್ತಿಯೆಲ್ಲ ಉಜ್ಜಾಟಕ್ಕೇ ಸರಿಹೋಗುತ್ತದೆ.

ಸಿಲಿಂಡರ್ ಬಿಚ್ಚಿ, ಮುಖಕ್ಕೆ ಮಾರ್ಕರ್ ಪೆನ್ನಿನ ಕಪ್ಪು ಬಳಿದು, ದಪ್ಪ ಗಾಜಿನ ಮೇಲೆ ಅಂಟಿಸಿದ 600ನೇ ನಂಬರಿನ ಎಮರಿ ಕಾಗದದಲ್ಲಿ ನಾಲ್ಕು ಸಲ ಎಳೆಯಿರಿ. ಗೂಟದ ಸುತ್ತ ಮಾತ್ರ ಕಪ್ಪು ಹೋದರೆ, ಮರೆ (ಸ್ಕ್ರೂ ಕೂರುವ ಸುರುಳಿಗೀರು) ಕೊರೆದಾಗ ಲೋಹ ಮೇಲೆದ್ದು ದಿಬ್ಬ ಕಟ್ಟಿದೆ ಎಂದರ್ಥ. ತುಂಬ ಸಾಮಾನ್ಯ ತಪ್ಪು ಇದೇ. ಗೂಟ ತೆಗೆದು ಅದರ ಸುತ್ತ 10 ಮಿ.ಮೀ. ವ್ಯಾಸಕ್ಕೆ, ಅರ್ಧ ಮಿ.ಮೀ. ಆಳಕ್ಕೆ ತಗ್ಗು ಮಾಡಿ. ಕಪ್ಪು ಒಂದೇ ಬದಿಯಲ್ಲಿ ಉಳಿದರೆ ಮುಖವೇ ಓರೆ. ಮುಖ ಸರಿಯಿದ್ದೂ ಜೋಡಿಸಿದಾಗ ಒಂದು ಅಂಚಿನಲ್ಲಿ ಬೆಳಕು ಕಂಡರೆ ಗೂಟ ನೆಟ್ಟಗಿಲ್ಲ. ಕೈಯಳತೆಯಲ್ಲಿ ಟ್ಯಾಪ್ (ಮರೆ ಕೊರೆಯುವ ಉಪಕರಣ) ಹಾಕಿದರೆ ಹೀಗಾಗುವುದು ಸಹಜ. ಟ್ಯಾಪನ್ನು ಡ್ರಿಲ್ ಮೆಷಿನ್ನಿನ ಚಕ್ಕಿಗೆ ಸಿಕ್ಕಿಸಿ, ಕರೆಂಟು ಕೊಡದೆ, ಚಕ್ಕನ್ನು ಕೈಯಲ್ಲೇ ತಿರುಗಿಸಿ ಇಳಿಸಿ. ಆಮೇಲೆ 800, 1000ನೇ ನಂಬರಿನ ಕಾಗದದಲ್ಲಿ ಎಂಟರ ಆಕಾರಕ್ಕೆ ಉಜ್ಜಿ ಸೀಮೆಎಣ್ಣೆಯಲ್ಲಿ ತೊಳೆಯಿರಿ. ಗ್ಯಾರೇಜಿನ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಮಾತ್ರ ಬೇಡವೇ ಬೇಡ. ಅದರ ಹರಳು ಮೆತ್ತನೆಯ ಹಿತ್ತಾಳೆಯೊಳಗೆ ಹೂತುಕೊಂಡು ಎದುರಿನ ಮುಖವನ್ನು ದಿನವೂ ಸವೆಸುತ್ತದೆ.

ಮುಖ ಸರಿಯಾದ ಮೇಲೂ ಅರ್ಧ ಸುತ್ತಿಗೇ ನಿಂತರೆ ತೂತುಗಳ ಜಾಗ ತಪ್ಪಿದೆ. ನಿಮ್ಮ ಕ್ರ್ಯಾಂಕಿನ ತೋಳು 10 ಮಿ.ಮೀ., ದೂರ 40. ಅಂದರೆ ಸಿಲಿಂಡರ್ ಇಕ್ಕೆಲಕ್ಕೂ ವಾಲುವುದು ಹದಿನಾಲ್ಕೂವರೆ ಡಿಗ್ರಿ. ಸಿಲಿಂಡರಿನ ತೂತು ಗೂಟದಿಂದ 12 ಮಿ.ಮೀ. ಮೇಲಿದ್ದರೆ ಅದು ನಡುಗೆರೆಯಿಂದ ಆಚೀಚೆ 3 ಮಿ.ಮೀ. ಸರಿಯುತ್ತದೆ. ಫ್ರೇಮಿನ ಎರಡು ತೂತುಗಳು (ಒಂದು ಗಾಳಿ ಒಳಬರಲು, ಇನ್ನೊಂದು ಹೊರಹೋಗಲು) ಇರಬೇಕಾದ್ದು ಅಲ್ಲೇ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 6 ಮಿ.ಮೀ. ಮೂರೂ ತೂತು 2.5 ಮಿ.ಮೀ. ಆದರೆ ನಡುಸ್ಥಿತಿಯಲ್ಲಿ ಪ್ರತಿ ಬದಿಗೆ ಅರ್ಧ ಮಿ.ಮೀ. ಗೋಡೆ ಉಳಿಯುತ್ತದೆ, ಅಷ್ಟೇ. ಡ್ರಿಲ್ ಅರ್ಧ ಮಿ.ಮೀ.ಗಿಂತ ಹೆಚ್ಚು ಜಾರಿದರೆ ಆ ಗೋಡೆಯೇ ಇಲ್ಲ. ಪಿಸ್ಟನ್ ಓಟದ ತುದಿ ಮುಟ್ಟಿದಾಗ ಮುಚ್ಚಿರಬೇಕಾದ ತೂತು ತೆರೆದೇ ಉಳಿದು, ಗಾಳಿ ಹೊತ್ತಲ್ಲದ ಹೊತ್ತಿಗೆ ಒಳಬಂದು ಪಿಸ್ಟನ್ನನ್ನು ಎದುರು ದೂಡುತ್ತದೆ.

ಅಳೆದು ಪಂಚ್ ಮಾಡುವುದಕ್ಕಿಂತ ಜಿಗ್ (ತೂತಿನ ಜಾಗ ತೋರುವ ಅಚ್ಚು) ಕಟ್ಟುವುದು ಲೇಸು. 10 ಮಿ.ಮೀ. ಅಗಲದ ಉಕ್ಕಿನ ಪಟ್ಟಿಯ ನಡುಗೆರೆಯಲ್ಲಿ ಗೂಟಕ್ಕೊಂದು ತೂತು, ಅದರಿಂದ 12 ಮಿ.ಮೀ. ಮೇಲೆ 1.5 ಮಿ.ಮೀ.ಯ ಇನ್ನೊಂದು. ಕ್ರ್ಯಾಂಕ್ ಶಾಫ್ಟಿನ ಜಾಗದಲ್ಲಿ 10 ಮಿ.ಮೀ. ವ್ಯಾಸದ ಬುಷ್ (ಗಿಡ್ಡ ಲೋಹದ ಬಳೆ) ನಿಲ್ಲಿಸಿ, ಪಟ್ಟಿಯ ಅಂಚನ್ನು ಅದಕ್ಕೆ ಒರಗಿಸಿ ತೂತು ಹಾಕಿ. ಪಟ್ಟಿಯನ್ನು ಇನ್ನೊಂದು ಬದಿಗೆ ಒರಗಿಸಿ ಮತ್ತೊಂದು. ಬುಷ್‌ನ ಅರ್ಧ 5, ಪಟ್ಟಿಯ ಅರ್ಧ 5, ಸೇರಿ ಕ್ರ್ಯಾಂಕಿನ 10: ಕೋನ ತಾನಾಗಿ ಬರುತ್ತದೆ. ಫ್ರೇಮ್ ಉಕ್ಕಿನದಾದರೆ ಗೀರು ಎದ್ದು ಕಾಣಲು ಮೈಲುತುತ್ತದ ನೀರು ಬಳಿಯಿರಿ. ಅಡಿಕೆ ತೋಟವಿರುವ ಮನೆಯಲ್ಲಿ ಅದಕ್ಕೆ ಬರವಿಲ್ಲ. ಬೋರ್ಡೋ ದ್ರಾವಣಕ್ಕೆಂದು ಸುಣ್ಣ ಬೆರೆಸುವ ಮೊದಲೇ ಒಂದು ಚಮಚ ತೆಗೆದಿಟ್ಟುಕೊಳ್ಳಿ.

ಪಿಸ್ಟನ್ನಿನ ಪರೀಕ್ಷೆ ಸುಲಭ. ತೂತಿಗೆ ಬೆರಳಿಟ್ಟು ಪಿಸ್ಟನ್ ಎಳೆದು ಬಿಟ್ಟರೆ ಅದು ಹಿಂದಕ್ಕೆ ಚಿಮ್ಮಬೇಕು. ಫ್ಲೈವೀಲ್ 60 ಮಿ.ಮೀ. ವ್ಯಾಸ, 12 ಮಿ.ಮೀ. ದಪ್ಪದ ಉಕ್ಕಿನದು ಸಾಕು. ಇಷ್ಟಾದರೆ ಅರ್ಧ ಬಾರ್ ಗಾಳಿಗೇ ಯಂತ್ರ ಓಡಬೇಕು. ಓಡುವ ತನಕ ಹಬೆಯ ಮಾತು ಬೇಡ.

ಪೆರ್ಲದ ಓದುಗರು: 50 ಮಿ.ಮೀ. ತಾಮ್ರದ ಕೊಳವೆಗೆ ಎರಡೂ ಕಡೆ ತಗಡು ಇಟ್ಟು, ರೇಡಿಯೋ ರಿಪೇರಿಯ ಸೀಸದ ಬೆಸುಗೆಯಲ್ಲಿ ಬಾಯ್ಲರ್ ಮುಚ್ಚಿದ್ದೇನೆ. 2 ಬಾರ್ ತಾಳೀತೇ? ಇದಕ್ಕೆ ಪರವಾನಗಿ ಬೇಕೇ?

ಅದರಡಿಗೆ ಬೆಂಕಿ ಹಾಕಬೇಡಿ. ಆ ಬೆಸುಗೆ ಕರಗತೊಡಗುವುದು 183 ಡಿಗ್ರಿಗೆ, 2 ಬಾರಿನ ಹಬೆಯ ಬಿಸಿ ಸುಮಾರು 133. ನಡುವೆ 50 ಡಿಗ್ರಿ ಇದೆಯಲ್ಲ ಎನಿಸಬಹುದು. ಆದರೆ ಕರಗುವ ಎಷ್ಟೋ ಮೊದಲೇ ಅದು ಮೆತ್ತಗಾಗಿ ನಿಧಾನ ಎಳೆದುಕೊಳ್ಳುತ್ತದೆ, ನೀರು ಇಳಿದು ಜ್ವಾಲೆ ಬರಿಯ ತಾಮ್ರಕ್ಕೆ ತಾಗಿತೆಂದರೆ ಆ 50 ಡಿಗ್ರಿ ಕ್ಷಣದಲ್ಲಿ ಮುಗಿಯುತ್ತದೆ.

ಕೊಳವೆಯ ಬಗ್ಗೆ ಚಿಂತೆ ಬೇಡ. 1.6 ಮಿ.ಮೀ. ದಪ್ಪವಿದ್ದರೆ 2 ಬಾರಿಗೆ ಅದರ ಮೇಲೆ ಬೀಳುವ ಎಳೆತ ಚದರ ಮಿ.ಮೀ.ಗೆ 3 ನ್ಯೂಟನ್ ಆಸುಪಾಸು, ತಾಮ್ರಕ್ಕೆ ಅದು ಲೆಕ್ಕವೇ ಅಲ್ಲ. ಸೋಲುವುದು ಚಪ್ಪಟೆ ತುದಿಗಳು. ಒಂದೊಂದರ ಮೇಲೂ ಸುಮಾರು 35 ಕಿಲೋ ಭಾರ. 2 ಮಿ.ಮೀ. ತಾಮ್ರದ ಹಾಳೆಯನ್ನು ಕೆಂಪಗೆ ಕಾಯಿಸಿ, ನೀರಿಗದ್ದಿ ಮೆದು ಮಾಡಿ, ಮರದ ಅಚ್ಚಿನ ಮೇಲೆ ಬಡಿದು 6 ಮಿ.ಮೀ. ಅಂಚು ಮಡಚಿ. ನಡುವೆ ತುದಿಯಿಂದ ತುದಿಗೆ 5 ಮಿ.ಮೀ. ತಾಮ್ರದ ಕಂಬಿ ಹಾಯಿಸಿ. ವಾಲ್ವ್ ಕೂರಿಸುವ ಬುಷ್‌ಗಳು ಕಂಚಿನವಾಗಲಿ. ಬಿಸಿನೀರಿನಲ್ಲಿ ಹಿತ್ತಾಳೆಯ ಸತು ಕರಗಿ ಮರೆ ಪುಡಿಯಾಗುತ್ತದೆ.

ಬೆಸುಗೆಗೆ ಕ್ಯಾಡ್ಮಿಯಂ ಇಲ್ಲದ, 55% ಬೆಳ್ಳಿಯ ಕಡ್ಡಿ. ಅದು 630ರಿಂದ 660 ಡಿಗ್ರಿಯಲ್ಲಿ ಹರಿಯುತ್ತದೆ. ಎಸಿ ಮೆಕ್ಯಾನಿಕ್ ಬಳಸುವ ತಾಮ್ರ-ರಂಜಕದ ಕಡ್ಡಿ ಅಗ್ಗ, ಆದರೆ ಗಂಧಕವಿರುವ ಹೊಗೆ ತಾಗಿದರೆ ಸವೆಯುತ್ತದೆ. ಬೆಂಕಿಯ ಬದಿಗೆ ಅದು ಬೇಡ. ಸಂದು 0.05ರಿಂದ 0.1 ಮಿ.ಮೀ. ಇರಲಿ. ಹುಣಸೆಹುಳಿ ಹಾಕಿ ತಿಕ್ಕಿದ ತಾಮ್ರ ಕಣ್ಣಿಗೆ ಲಕಲಕ ಎಂದರೂ ಬೆಳ್ಳಿಗೆ ಸಾಲದು, ಸಿಟ್ರಿಕ್ ಆಮ್ಲದಲ್ಲಿ ನೆನೆಸಿ ತೊಳೆದು, ಬೆರಳು ತಾಗಿಸದೆ ಫ್ಲಕ್ಸ್ (ಬೆಸುಗೆ ಹರಿಯಲು ನೆರವಾಗುವ ಲೇಪ) ಬಳಿಯಿರಿ. ಅಂಗೈಯಗಲದ ಬ್ಯುಟೇನ್ ಟಾರ್ಚ್ ಈ ಗಾತ್ರಕ್ಕೆ ಸೋಲುತ್ತದೆ, ತಾಮ್ರ ಬಿಸಿಯನ್ನೆಲ್ಲ ಹೀರಿ ಹರಡುತ್ತದೆ. ಸುತ್ತ ಬೆಂಕಿ ಇಟ್ಟಿಗೆ ಜೋಡಿಸಿ ದೊಡ್ಡ ಎಲ್‌ಪಿಜಿ ಟಾರ್ಚ್ ಬಳಸಿ.

ಮುಗಿದ ಮೇಲೆ ತಣ್ಣೀರು ತುಂಬಿ, ಒಳಗೊಂದು ಗುಳ್ಳೆಯೂ ಉಳಿಯದಂತೆ ಗಾಳಿ ಬಿಟ್ಟು, ಪ್ಲಂಬರುಗಳು ಪೈಪು ಪರೀಕ್ಷಿಸುವ ಕೈಪಂಪಿನಲ್ಲಿ 4 ಬಾರ್ ಏರಿಸಿ 20 ನಿಮಿಷ ನಿಲ್ಲಿಸಿ. ಒತ್ತಡಮಾಪಕದ ಮುಳ್ಳು ಇಳಿಯಬಾರದು, ತುದಿ ಉಬ್ಬಬಾರದು. ಗಾಳಿಯಲ್ಲಿ ಈ ಪರೀಕ್ಷೆ ಮಾಡುವಂತಿಲ್ಲ. ನೀರು ಸೋರಿದರೆ ಒಂದು ಹನಿ, ಅದುಮಿದ ಗಾಳಿ ಬಿಟ್ಟರೆ ಚೂರು. ಸೇಫ್ಟಿ ವಾಲ್ವ್ 2 ಬಾರಿಗೆ ತೆರೆಯಬೇಕು, ಬೆಂಕಿ ಪೂರಾ ಇದ್ದಾಗಲೂ ಮುಳ್ಳು ಅದಕ್ಕಿಂತ ಮೇಲೆ ಏರುತ್ತಾ ಹೋಗಬಾರದು.

ಪರವಾನಗಿಯ ಮಾತು: 25 ಲೀಟರಿಗಿಂತ ಸಣ್ಣ ಪಾತ್ರೆ ಕೇಂದ್ರದ ಬಾಯ್ಲರ್ ಕಾಯ್ದೆಯ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮದು ಕಾಲು ಲೀಟರಿನ ಆಸುಪಾಸು. ಕಾನೂನು ಬಿಟ್ಟಿತೆಂದು ಹಬೆ ಬಿಡುವುದಿಲ್ಲ, ಅಷ್ಟೆ.

ತಾಳವಾಡಿಯ ಓದುಗರು: ಹಬೆಗೆ ಹಾಕಿದರೆ ಯಂತ್ರ ಮೊದಲು ನೀರು ಉಗುಳುತ್ತದೆ. ಮತ್ತೆ ಚೆನ್ನಾಗಿ ಓಡಿ, ಹತ್ತು ನಿಮಿಷಕ್ಕೆ ಕಿರ್ರೆಂದು ನಿಧಾನವಾಗುತ್ತದೆ.

ಮೊದಲಿನದು ತಪ್ಪಲ್ಲ. ತಣ್ಣನೆಯ ಸಿಲಿಂಡರಿನಲ್ಲಿ ಹಬೆ ನೀರಾಗುತ್ತದೆ, ಬಿಸಿಯೇರುವವರೆಗೆ ಕೈಯಲ್ಲಿ ತಿರುಗಿಸಿ. ಆಮೇಲೂ ಉಗುಳಿದರೆ ಬಾಯ್ಲರಿಗೆ ನೀರು ಹೆಚ್ಚಾಗಿದೆ, ಮೂರರಲ್ಲಿ ಎರಡು ಪಾಲು ಸಾಕು. ಕಿರುಗುಟ್ಟುವುದು ಎಣ್ಣೆ ತೊಳೆದುಹೋದದ್ದಕ್ಕೆ. ಬೈಕಿನ ಎಂಜಿನ್ ಆಯಿಲ್ ಹಸಿ ಹಬೆಗೆ ನಿಲ್ಲದು, ಸ್ಟೀಮ್ ಸಿಲಿಂಡರ್ ಆಯಿಲ್ ಎಂದೇ ಕೇಳಿ ತನ್ನಿ. ಹಬೆಯ ಕೊಳವೆಗೆ 0.8 ಮಿ.ಮೀ. ತೂತು ಹಾಕಿ, ಕೊಳವೆಯ ಆ ಭಾಗ ಒಳಗೆ ಹಾಯುವಂತೆ ಸಣ್ಣ ಎಣ್ಣೆಬಟ್ಟಲು ಬೆಸೆದರೆ, ಒಳನುಸುಳಿದ ಹಬೆ ನೀರಾಗಿ ತಳ ಸೇರಿ ಎಣ್ಣೆಯನ್ನು ಮೇಲಕ್ಕೆತ್ತಿ ತಾನೇ ಉಣಿಸುತ್ತದೆ. ಪ್ರತಿ ಸಲ ಓಡಿಸಿದ ಮೇಲೆ ಬಟ್ಟಲಿನ ನೀರು ಬಸಿಯಿರಿ.

ಮಂಜೇಶ್ವರದ ಓದುಗರು: ಬಾಯ್ಲರಿಗೆ ಬಾವಿನೀರು ಆದೀತೇ?

ಕಡಲ ಬದಿಯ ಬಾವಿಯದಾದರೆ ಬೇಡ, ಉಪ್ಪು ಉಳಿದು ವಾಲ್ವ್ ಕಚ್ಚಿಕೊಳ್ಳುತ್ತದೆ. ಆಟಿಯ ಮಳೆಯಲ್ಲಿ ಮಾಡು ಚೆನ್ನಾಗಿ ತೊಳೆದ ಮೇಲೆ ಹಿಡಿದ ನೀರನ್ನು ಬಟ್ಟೆಯಲ್ಲಿ ಸೋಸಿ ಕ್ಯಾನಿಗೆ ತುಂಬಿಡಿ. ಅದಿಲ್ಲದಾಗ ಬ್ಯಾಟರಿಗೆ ಹಾಕುವ ನೀರು. ಓಡಿಸಿ ಮುಗಿದಾಗ ಒತ್ತಡ ಪೂರ್ತಿ ಇಳಿದ ಮೇಲೆ, ಬಾಯ್ಲರ್ ಇನ್ನೂ ಬೆಚ್ಚಗಿರುವಾಗಲೇ, ಒಳಗಿನದ್ದನ್ನೆಲ್ಲ ಚೆಲ್ಲಿ.