ಪಾಯಿಂಟ್ 32 ರಿವಾಲ್ವರ್‌ಗೆ ಯಾವ ಗುಂಡು?

ಸಿಂಧನೂರು ಪಕ್ಕದ ತೋಟದ ಮನೆಯಲ್ಲಿ ಲೈಸೆನ್ಸ್ ಇರುವ, ಕಾನ್ಪುರದಲ್ಲಿ ತಯಾರಾದ ರಿವಾಲ್ವರ್ ಇದೆ, ಯಾವ ಗುಂಡು ಹಾಕಲಿ ಅಂತ ಕೇಳಿದ್ದೀರಿ. ಪಾಯಿಂಟ್ 32, ಅಂದರೆ ಸುಮಾರು 0.32 ಇಂಚು ಅಡ್ಡಳತೆಯದಾದರೆ ಸ್ಮಿತ್ ಅಂಡ್ ವೆಸನ್ ಲಾಂಗ್ ಅನ್ನುವ ಬಗೆಯ 7.65×23 ಎಂಎಂ (ಅಡ್ಡಳತೆ × ಕವಚದ ಉದ್ದ) ಗುಂಡೇ ಬೇಕು. ಪಿಸ್ತೂಲಿನ ಗುಂಡನ್ನೂ ಪಾಯಿಂಟ್ 32 ಅಂತಲೇ ಕರೆಯುತ್ತಾರೆ, ಗೊಂದಲ ಆಗೋದು ಅಲ್ಲೇ. ಪಿಸ್ತೂಲಿನ ಗುಂಡಿನ ಹಿತ್ತಾಳೆ ಕವಚದ ಉದ್ದ ಬರೀ 17 ಎಂಎಂ. ಎರಡನ್ನೂ ಅಂಗೈ ಮೇಲಿಟ್ಟು ನೋಡಿ, ರಿವಾಲ್ವರಿನದು ಉದ್ದ, ಬುಡದಲ್ಲಿ ಅಗಲವಾದ ಅಂಚು ಎದ್ದು ಕಾಣುತ್ತದೆ. ಪಿಸ್ತೂಲಿನದು ಕೆಲವೊಮ್ಮೆ ರಿವಾಲ್ವರಿನ ಚೇಂಬರಿಗೆ (ಗುಂಡು ಕೂರುವ ತೂತಿಗೆ) ಇಳಿದೂಬಿಡುತ್ತದೆ. ಆದರೆ ಅದರ ಒತ್ತಡ ಜಾಸ್ತಿ, ದಯವಿಟ್ಟು ಹಾಕಲೇಬೇಡಿ.

ಗುಂಡು ಹಾರಿಸುವ ಮುಂಚೆ ಗುರಿಯ ಹಿಂದೇನಿದೆ ಅಂತಲೂ ಯೋಚಿಸಿ, ತಗಡಿನ ಬಾಗಿಲು ಸೀಸದ ಗುಂಡನ್ನು ತಡೆಯೋದಿಲ್ಲ. ಆಚೆ ಮಕ್ಕಳು ಮಲಗಿರಬಹುದು, ಅಲ್ವಾ?

ಗುಂಡುಗಳನ್ನು ಚರ್ಮದ ಪಟ್ಟಿಯಲ್ಲೇ ವರ್ಷಗಟ್ಟಲೆ ಬಿಡಬೇಡಿ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಲೈಸೆನ್ಸ್‌ನಲ್ಲಿ ಬರೆದ ಸಂಖ್ಯೆಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ.